ಸೂಜಿ ದಾರ: ಎಂಟು ಗಜದಲ್ಲಿ ಒಂದೆಳೆ ತಪ್ಪಿದ್ರೆ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ನಾಲ್ಕು ಕಿಲ್ಟ್ (ಸ್ಕಾಟ್ಲೆಂಡಿನ ಗಂಡಸರು ಉಡೋ ನೆರಿಗೆ ಲಂಗ) ಬಗ್ಗೇನೇ ಇವೆ, ನಾಲ್ಕೂ ಸ್ಕಾಟ್ಲೆಂಡ್‌ನಲ್ಲಿರೋ ನಮ್ಮೋರಿಂದ ಬಂದಿದ್ದು. ಬೇಸಿಗೆ ಬಂತು, ಅಲ್ಲಿ ಮದುವೆ ಸೀಸನ್ ಶುರು ಅಂತ ಅರ್ಥ. ಸೀರೆ ಫಾಲ್ಸ್, ಬ್ಲೌಸ್ ತೋಳು ಅಂತ ಕೇಳಿದೋರು ಬೇಜಾರು ಮಾಡ್ಕೋಬೇಡಿ, ಮುಂದಿನ ಸಂಚಿಕೆ ನಿಮ್ದೇ.

ಪ್ರಶ್ನೆ: ಅಕ್ಕ ನಮಸ್ಕಾರ. ನಾನಿರೋದು ಎಡಿನ್‌ಬರಾದಲ್ಲಿ, ಎರಡು ವರ್ಷದಿಂದ ಸಂಜೆ ಕ್ಲಾಸಿಗೆ ಹೋಗಿ ಕಿಲ್ಟ್ ಹೊಲಿಯೋದು ಕಲೀತಿದೀನಿ. ಮಗಳು ಇಲ್ಲಿನ ಹುಡುಗನ್ನೇ ಮದುವೆ ಆಗ್ತಿದಾಳೆ, ಅಳಿಯನ ಕಿಲ್ಟ್ ನಾನೇ ಹೊಲಿದು ಕೊಡ್ತೀನಿ ಅಂತ ಜಂಬ ಕೊಚ್ಚಿಕೊಂಡು ಬಿಟ್ಟಿದೀನಿ. ಅವರ ಮನೆತನದ ಟಾರ್ಟನ್ (ಚೌಕುಳಿ ಬಟ್ಟೆ), 16 ಔನ್ಸಿನ ಉಣ್ಣೆ, ಡಬಲ್ ವಿಡ್ತ್ 4 ಗಜ ತರಿಸಿದೆ. ಬಿಚ್ಚಿ ನೋಡಿದ್ರೆ ಎದೆ ಧಸಕ್ ಅಂತು. ಒಂದು ತುದಿಯಿಂದ 48 ಇಂಚಿಗೆ ಅಡ್ಡಡ್ಡ ಒಂದೆಳೆ ಬಿಟ್ಟುಹೋಗಿರೋ ಗೆರೆ, ಇನ್ನೊಂದು ತುದಿಯಿಂದ 15 ಇಂಚಿಗೆ ಎರಡಿಂಚು ಅಗಲ ಬಣ್ಣ ಸ್ವಲ್ಪ ಗಾಢವಾಗಿರೋ ಪಟ್ಟಿ, ಮಧ್ಯದಲ್ಲೆಲ್ಲೋ ಅಂಚಿಂದ 10 ಇಂಚು ಮೇಲೆ ಉದ್ದದ ಒಂದೆಳೆ ಮೂರಿಂಚು ನೇಯದೇ ತೇಲ್ತಿದೆ, ಜೊತೆಗೆ ಮೂರ್ನಾಲ್ಕು ಗಂಟು. ಹುಡುಗನ ಸೀಟಿನ (ಸೊಂಟದ ಕೆಳಗಿನ) ಸುತ್ತಳತೆ 40 ಇಂಚು, ಕಿಲ್ಟ್ ಉದ್ದ 24, ಬಟ್ಟೆಯ ಸೆಟ್ (ಚೌಕುಳಿ ವಿನ್ಯಾಸ ಒಂದು ಸುತ್ತು ಬರೋ ಅಳತೆ) 6 ಇಂಚು. ವಾಪಸ್ ಕಳಿಸಿದ್ರೆ ಇನ್ನೊಂದು ಸಲ ನೇಯ್ದು ಬರೋಷ್ಟರಲ್ಲಿ ಮದುವೆ ಮುಗಿದಿರುತ್ತೆ. ಏನ್ಮಾಡ್ಲಿ?

ಉತ್ತರ: ಮೊದಲು ಕತ್ತರಿ ತೆಗೆದು ಬೀರುವಿನೊಳಗೆ ಇಡಿ. ತಮಾಷೆಗಲ್ಲ ಹೇಳ್ತಿರೋದು. ಒಂದಿಂಚು ಕತ್ತರಿಸಿದ ಮೇಲೆ ಸಾಮಾನ್ಯವಾಗಿ ಯಾವ ಮಿಲ್ಲೂ ಬಟ್ಟೆ ವಾಪಸ್ ತಗೊಳಲ್ಲ, ಆಮೇಲೆ ನೀವುಂಟು ಬಟ್ಟೆಯುಂಟು. ಇವತ್ತೇ ಹಗಲು ಬೆಳಕಲ್ಲಿ ಪಕ್ಕ ಟೇಪ್ ಇಟ್ಟು ಫೋಟೋ ತೆಗೆದು ಮಿಲ್ಲಿಗೆ ಕಳಿಸಿ. ಕಳಿಸೋಕೆ ಮುಂಚೆ ಅಂಚಲ್ಲಿ ಎಲ್ಲಾದ್ರೂ ಬೇರೆ ಬಣ್ಣದ ಸಣ್ಣ ದಾರ ಕಟ್ಟಿದಾರಾ ನೋಡಿ. ಮಿಲ್ಲಲ್ಲಿ ಚೆಕ್ ಮಾಡೋರು ಸರಿಮಾಡೋಕಾಗದ ದೋಷ ಕಂಡ ಜಾಗಕ್ಕೆ ನೇರವಾಗಿ ಅಂಚಿಗೆ ಹೀಗೆ ದಾರ ಕಟ್ತಾರೆ, "ಇಲ್ಲೊಂದಿದೆ, ನಮಗೂ ಗೊತ್ತು" ಅನ್ನೋ ಗುರುತು ಅದು, ಅದಕ್ಕೆ ಬದಲಾಗಿ ಸ್ವಲ್ಪ ಬಟ್ಟೆ ಹೆಚ್ಚಿಗೆ ಕೊಡೋದೋ ರೇಟಲ್ಲಿ ಬಿಡೋದೋ ವಾಡಿಕೆ. ಹಾಗೇನಾದ್ರೂ ಇದ್ರೆ ನಿಮಗೆ 4 ಗಜಕ್ಕಿಂತ ಜಾಸ್ತೀನೇ ಬಂದಿರಬಹುದು, ಅಳೆದು ನೋಡಿ.

ಇನ್ನು ನಿಮ್ಮ ಬಟ್ಟೆ ವಿಷಯ. ವಾಪಸ್ ಬೇಡ, ಇದರಲ್ಲೇ ಆಗುತ್ತೆ. ಹೇಗೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಗೊಂಡು ಕೂತ್ಕೊಳಿ.

ನಮ್ಮ ಮನೆ ಇದ್ದಿದ್ದು ದೊಡ್ಡಬಳ್ಳಾಪುರದಲ್ಲಿ, ಮಗ್ಗದ ಸದ್ದಲ್ಲೇ ಬೆಳೆದೋಳು ನಾನು. ಸೀರೆ ಇಳಿಸಿದ ತಕ್ಷಣ ನಮ್ಮಪ್ಪ ಕಿಟಕಿಗೆ ಹಿಡಿದು ನೋಡಿ ಹೇಳ್ತಿದ್ದಿದ್ದು ಎರಡೇ ಮಾತು, "ಹಾಸಲ್ಲಿದೆ" ಅಥವಾ "ಹೊಕ್ಕಲ್ಲಿದೆ". ಹಾಸು ಅಂದ್ರೆ ಬಟ್ಟೆಯ ಉದ್ದಕ್ಕೆ ಹೋಗೋ ಎಳೆ, ಹೊಕ್ಕು ಅಂದ್ರೆ ಅದಕ್ಕೆ ಅಡ್ಡ ನೇಯೋ ಎಳೆ. ಹೊಕ್ಕಲ್ಲಿದೆ ಅಂದ್ರೆ ಮುಖ ಸಡಿಲ ಆಗೋದು, ಹಾಸಲ್ಲಿದೆ ಅಂದ್ರೆ ಅವತ್ತು ಮನೇಲಿ ಯಾರೂ ಉಸಿರೆತ್ತಬಾರದು. ಕಿಲ್ಟಿಗೂ ಅದೇ ಲೆಕ್ಕ ನೋಡಿ. ಕಿಲ್ಟಲ್ಲಿ ಬಟ್ಟೆಯ ಉದ್ದ ಸೊಂಟದ ಸುತ್ತ ಹೋಗುತ್ತೆ, ಥೇಟ್ ಸೀರೆ ಥರ. ಹಾಗಾಗಿ ಹಾಸಿನ ಎಳೆಗಳು ಅಡ್ಡ ಬರ್ತವೆ, ಹೊಕ್ಕಿನ ಎಳೆಗಳು ಮೇಲಿಂದ ಕೆಳಕ್ಕೆ. ಹೊಕ್ಕಿನ ದೋಷ ಅಂದ್ರೆ ಒಂದೇ ಜಾಗದಲ್ಲಿ ನಿಂತ ಗೆರೆ, ಅದನ್ನ ಒಂದು ನೆರಿಗೆ ಒಳಗೆ ತುರುಕಿದ್ರೆ ಮುಗೀತು, ಸೀರೆಗೆ ಕಾಫಿ ಚೆಲ್ಲಿದಾಗ ನಾವು ಮಾಡೋದೂ ಅದೇ ತಾನೆ. ಆದ್ರೆ ಹಾಸಲ್ಲಿ ಒಂದೆಳೆ ತಪ್ಪು ಬಣ್ಣದ್ದು ಬಂದು ಅದು ಪೂರ್ತಿ ಉದ್ದಕ್ಕೂ ಓಡಿದ್ರೆ, ಏಪ್ರನ್ (ಮುಂದೆ ಒಂದರ ಮೇಲೊಂದು ಬರೋ, ನೆರಿಗೆ ಇಲ್ಲದ ಭಾಗ) ಮೇಲೂ ಪ್ರತಿ ನೆರಿಗೆ ಮೇಲೂ ಅಡ್ಡ ಗೆರೆಯಾಗಿ ಕಾಣುತ್ತೆ, ಬಚ್ಚಿಡೋ ಜಾಗಾನೇ ಇಲ್ಲ. ಅಂಥದ್ದಿದ್ರೆ ಮಾತ್ರ ನಾನು ವಾಪಸ್ ಕಳಿಸಿ ಅಂತೀನಿ. ನಿಮ್ಮದರಲ್ಲಿ ಹಾಸಿನದ್ದು ಬರೀ ಮೂರಿಂಚು, ಉಳಿದಿದ್ದೆಲ್ಲ ಹೊಕ್ಕು.

ಈಗ ಲೆಕ್ಕ. ಡಬಲ್ ವಿಡ್ತ್ 4 ಗಜವನ್ನ ಉದ್ದುದ್ದ ಎರಡು ಮಾಡಿದ್ರೆ 8 ಗಜ, ಅಂದ್ರೆ 288 ಇಂಚು. ಇದರಲ್ಲಿ ಕಿಲ್ಟ್ ಹಾಕ್ಕೊಂಡು ನಿಂತಾಗ ಹೊರಗೆ ಕಾಣೋದು ಬರೀ 40 ಇಂಚು, ಮುಂದೆ ಏಪ್ರನ್ 20, ಹಿಂದೆ ನೆರಿಗೆಗಳ ಮುಖ 20. ಏಳರಲ್ಲಿ ಒಂದು ಪಾಲು! ಉಳಿದಿದ್ದೆಲ್ಲ ಒಳಗೆ. ನೆರಿಗೆ ಮುಖ ಮುಕ್ಕಾಲಿಂಚು ಇಟ್ರೆ ಸುಮಾರು 27 ನೆರಿಗೆ, ಒಂದೊಂದಕ್ಕೂ ಒಂದು ಸೆಟ್ ಬಟ್ಟೆ ಬೇಕು, ನಿಮ್ಮದು 6 ಇಂಚು, 27 ಆರ್ಲ 162. ಮೇಲಿನ ಏಪ್ರನ್ 20, ಒಳಗಿನ ಏಪ್ರನ್ 20. ಪಕ್ಕದ ಆಳದ ನೆರಿಗೆ, ತುದಿ ಮಡಚೋದು, ಜೋಡಣೆ ಎಲ್ಲಾ ಸೇರಿ ಧಾರಾಳವಾಗಿ 33 ಹಿಡೀರಿ. ಒಟ್ಟು 235. ನಿಮ್ಮ ಹತ್ರ 53 ಇಂಚು ಮಿಗ್ತಿದೆ ರೀ! ದೊಡ್ಡ ಸೆಟ್ಟಿನ ಟಾರ್ಟನ್ ಆಗಿದ್ರೆ ಈ ಅದೃಷ್ಟ ಇರ್ತಿರಲಿಲ್ಲ.

ಒಂದು ವಿಷಯ ಮಾತ್ರ ಎಲ್ರೂ ಮರೀತಾರೆ, ನಾನೂ ಮೊದಲ ಕಿಲ್ಟಲ್ಲಿ ಮರೆತಿದ್ದೆ. ಡಬಲ್ ವಿಡ್ತ್ ಬಟ್ಟೆಯನ್ನ ಉದ್ದುದ್ದ ಎರಡು ಭಾಗ ಮಾಡಿ ಜೋಡಿಸ್ತೀವಿ. ಹೊಕ್ಕಿನ ದೋಷ ಪೂರ್ತಿ ಅಗಲಕ್ಕೂ ಇರುತ್ತಲ್ಲ, ಹಾಗಾಗಿ ಕತ್ತರಿಸಿದ ತಕ್ಷಣ ಒಂದು ದೋಷ ಎರಡಾಗುತ್ತೆ. ಅದೂ ಅಲ್ದೆ ಕಿಲ್ಟಿಗೆ ಕೆಳಗಡೆ ಮಡಚಿ ಹೊಲಿಯೋ ಪದ್ಧತಿ ಇಲ್ಲ, ಮಗ್ಗದ ಅಂಚೇ ಕೆಳಗಿನ ಅಂಚು. ಎರಡು ಭಾಗದ ಅಂಚೂ ಕೆಳಗೆ ಬರಬೇಕು ಅಂದ್ರೆ ಒಂದನ್ನ ಅರ್ಧ ಸುತ್ತು ತಿರುಗಿಸಲೇಬೇಕು. ಹಾಗೆ ತಿರುಗಿಸಿದಾಗ ಅದರ ಎಡತುದಿ ಬಲಕ್ಕೆ ಹೋಗುತ್ತೆ. ಇದು ತಲೇಲಿ ಹತ್ತಲ್ಲ, ಪೇಪರ್ ಮೇಲೆ ಮಾಡಿ. ಎರಡು ಉದ್ದ ಪೇಪರ್ ಪಟ್ಟಿ ತಗೊಂಡು, 48 ಇಂಚಿನ ಗೆರೆಗೆ ಹತ್ರ ಇರೋ ತುದಿಗೆ ಕೆಂಪು ಬಳೀರಿ, ಗಾಢ ಪಟ್ಟಿಗೆ ಹತ್ರ ಇರೋ ತುದಿಗೆ ನೀಲಿ. ಒಂದು ಪಟ್ಟಿ ತಿರುಗಿಸಿ, ಎರಡೂ ನೀಲಿ ತುದಿ ನಡುವಲ್ಲಿ ಸೇರೋ ಹಾಗೆ ಇಡಿ.

ಏನಾಯ್ತು ನೋಡಿ. ಎರಡೂ ಕೆಂಪು ತುದಿ ಹೊರಗೆ ಬಂದ್ವು, ಒಂದು ಕಡೆ ಮೇಲಿನ ಏಪ್ರನ್, ಇನ್ನೊಂದು ಕಡೆ ಒಳಗಿನ ಏಪ್ರನ್. ಬಿಟ್ಟುಹೋದ ಎಳೆ ಎರಡೂ ಕಡೆಯಿಂದ 48 ಇಂಚಿಗೆ, ಅಂದ್ರೆ ಏಪ್ರನ್ನೂ ಆಳದ ನೆರಿಗೆಯೂ ದಾಟಿ, ನೆರಿಗೆ ಶುರುವಾದ ಮೇಲೆ ಮೂರನೇದೋ ನಾಲ್ಕನೇದೋ ಇರುತ್ತೆ. ನೀಲಿ ತುದಿಗಳು ಬೆನ್ನಿನ ಕಡೆ ಸೇರಿದ್ವು, ಆ ಗಾಢ ಪಟ್ಟಿ ಅಲ್ಲಿಂದ 15ಕ್ಕೆ ಶುರುವಾಗಿ 17ಕ್ಕೆ ಮುಗಿಯುತ್ತೆ. ಎರಡೂ ನೀಲಿ ತುದಿಯಲ್ಲಿ 18 ಇಂಚು, ಸರಿಯಾಗಿ ಮೂರು ಸೆಟ್, ಕತ್ತರಿಸಿ ಎಸೀರಿ. ಅಯ್ಯೋ ಎಸೀಬೇಡಿ, ಬೇಕಾಗುತ್ತೆ, ಆಮೇಲೆ ಹೇಳ್ತೀನಿ. 36 ಇಂಚು ಹೋಯ್ತು, 252 ಉಳೀತು, ನಿಮಗೆ ಬೇಕಿದ್ದಿದ್ದು 235. ಜೋಡಣೆ ಹೇಗೂ ಒಂದು ನೆರಿಗೆ ಒಳಗೇ ಅಡಗುತ್ತೆ.

ಬಣ್ಣದ ಪಟ್ಟಿಯನ್ನ ಕತ್ತರಿಸೋಕೆ ಯಾಕೆ ಹೇಳ್ದೆ ಅಂದ್ರೆ ಅದನ್ನ ರಿಪೇರಿ ಮಾಡೋಕಾಗಲ್ಲ. ಅದು ಸಾಮಾನ್ಯವಾಗಿ ನೂಲಿನ ಉಂಡೆ ಬದಲಾದಾಗ ಬೇರೆ ಡೈ ಲಾಟಿನ (ಬೇರೆ ಸಲ ಬಣ್ಣ ಹಾಕಿದ) ದಾರ ಸೇರಿ ಆಗೋದು, ಇಲ್ಲಾ ಅಲ್ಲಿ ಹೊಕ್ಕು ಗಟ್ಟಿಯಾಗಿ ಬಡಿದಿರುತ್ತೆ. ನೆರಿಗೆ ಒಳಗೂ ಇಡಬಹುದಿತ್ತು, ಆದ್ರೆ ಮದುವೇಲಿ ಕೇಲಿ ಡ್ಯಾನ್ಸ್ ಇರುತ್ತಲ್ಲ, ಅಳಿಯಂದ್ರು ಗಿರಗಿರ ತಿರುಗಿದಾಗ ನೆರಿಗೆ ಎಲ್ಲ ಬಿಚ್ಕೊಂಡು ಒಳಗಿಂದು ಹೊರಗೆ ಕಾಣುತ್ತೆ. ಎರಡಿಂಚಿನ ಪಟ್ಟಿ ಆಗ ಕಣ್ಣಿಗೆ ಹೊಡೆಯುತ್ತೆ, ಒಂದೆಳೆ ಕಾಣಲ್ಲ.

ಆ ಬಿಟ್ಟುಹೋದ ಹೊಕ್ಕಿನ ಎಳೆ ನೆರಿಗೆಯ ಮುಖದ ಮೇಲೆ ಬರ್ತಿದೆಯಾ ಒಳಗಾ ಅಂತ ಮಾತ್ರ ಪಿನ್ ಹಾಕಿ ನೋಡಿ. ಸೆಟ್ ಕೂಡಿಸಿ, ಅಂದ್ರೆ ಹಿಂದುಗಡೆಯೂ ಅದೇ ಚೌಕುಳಿ ಕಾಣೋ ಹಾಗೆ, ನೆರಿಗೆ ಹಿಡಿಯೋದಾದ್ರೆ ಪ್ರತಿ ನೆರಿಗೆ ಮುಖ ಎಲ್ಲಿ ಬರಬೇಕು ಅಂತ ವಿನ್ಯಾಸವೇ ಹೇಳುತ್ತೆ, ನಿಮ್ಮಿಷ್ಟಕ್ಕೆ ಸರಿಸೋಕಾಗಲ್ಲ. ಮುಖದ ಮೇಲೇ ಬಂತು ಅನ್ಕೊಳಿ, ಏಪ್ರನ್ನಿನ ನಡುಗೆರೆ ಯಾವುದು ಅನ್ನೋದನ್ನ ಬದಲಾಯಿಸಿದ್ರೆ ಎಲ್ಲಾ ನೆರಿಗೇನೂ ಒಟ್ಟಿಗೆ ಸರಿಯುತ್ತೆ. ಇನ್ನೊಂದು ದಾರಿ ಪಟ್ಟೆಗೆ ನೆರಿಗೆ ಹಿಡಿಯೋದು, ಸೇನೆಯ ರೆಜಿಮೆಂಟುಗಳ ಶೈಲಿ. ಅದರಲ್ಲಿ ಪ್ರತಿ ನೆರಿಗೆ ಮೇಲೂ ಒಂದೇ ಪಟ್ಟೆ ಕಾಣುತ್ತೆ, ಆ ಪಟ್ಟೆ ಮೇಲಿಲ್ಲದ ಹೊಕ್ಕಿನ ದೋಷ ಎಲ್ಲಾ ತಾನಾಗೇ ಒಳಗೆ ಹೋಗುತ್ತೆ. ದೋಷ ಜಾಸ್ತಿ ಇರೋ ಬಟ್ಟೆಗೆ ನಾನು ಕಣ್ಮುಚ್ಚಿ ಇದನ್ನೇ ಆರಿಸ್ತೀನಿ, ಆದ್ರೆ ಅಳಿಯನ ಮನೆಯೋರನ್ನ ಒಂದು ಮಾತು ಕೇಳಿ, ಕೆಲವರಿಗೆ ಅದು ಸೈನಿಕರ ಡ್ರೆಸ್ ಥರ ಅನ್ಸುತ್ತೆ.

ಉಳಿದಿದ್ದು ತೇಲ್ತಿರೋ ಮೂರಿಂಚಿನ ಹಾಸು. ಅಂಚಿಂದ 10 ಇಂಚು ಮೇಲೆ ಅಂದ್ರಿ. 24 ಇಂಚಿನ ಕಿಲ್ಟಲ್ಲಿ ಮೇಲಿನ ಮೂರನೇ ಒಂದು ಭಾಗ, ಅಂದ್ರೆ 8 ಇಂಚು, ನೆರಿಗೆ ಹೊಲಿದು ಕೂರಿಸಿರ್ತೀವಿ, ಕೆಳಗಿನ 16 ತೆರೆದು ಬೀಸಾಡುತ್ತೆ. ನಿಮ್ಮ ದೋಷ ಆ ಬೀಸಾಡೋ ಜಾಗದಲ್ಲಿದೆ, ಹಾಗಾಗಿ ಸರಿಮಾಡಲೇಬೇಕು. ಡಾರ್ನಿಂಗ್, ನಮ್ಮೂರಲ್ಲಿ ರಫು ಅಂತೀವಲ್ಲ ಅದೇ. ದಕ್ಷಿಣ ಸ್ಕಾಟ್ಲೆಂಡಿನ ಗ್ಯಾಲಶೀಲ್ಸ್, ಸೆಲ್ಕರ್ಕ್ ಕಡೆ ಮಿಲ್ಲುಗಳಲ್ಲಿ ಇದಕ್ಕೇ ಅಂತ ಹೆಂಗಸರು ಇರ್ತಿದ್ರು, ಮಗ್ಗದಿಂದ ಇಳಿದ ಬಟ್ಟೆ ತೊಳೆಯೋಕೆ ಮುಂಚೆ ಅವರ ಕೈ ದಾಟಿಯೇ ಹೋಗ್ಬೇಕಿತ್ತು.

ದಾರ ಅಂಗಡಿಯಲ್ಲಿ ಹುಡುಕಬೇಡಿ, ಸಿಗಲ್ಲ, ಸಿಕ್ರೂ ಬಣ್ಣ ಕೂಡಲ್ಲ. ಎಸೀಬೇಡಿ ಅಂದ್ನಲ್ಲ ಆ 18 ಇಂಚಿನ ತುಂಡು, ಅದರಿಂದ ಅದೇ ಬಣ್ಣದ ಎಳೆ ಒಂದು ಬಿಡಿಸ್ಕೊಳಿ. ಟಾರ್ಟನ್ನಲ್ಲಿ ಸಾಮಾನ್ಯವಾಗಿ ಹಾಸಿಗೂ ಹೊಕ್ಕಿಗೂ ಒಂದೇ ನೂಲು, ಯಾವುದಾದ್ರೂ ಪರವಾಗಿಲ್ಲ, ಗಾಢ ಪಟ್ಟಿಯೊಳಗಿನ ದಾರ ಮಾತ್ರ ಬೇಡ. ಮೊಂಡು ಮೂತಿಯ ಸಣ್ಣ ಸೂಜಿಗೆ ಪೋಣಿಸಿ, ತೇಲೋ ಜಾಗಕ್ಕಿಂತ ಒಂದಿಂಚು ಹಿಂದಿನಿಂದ ಶುರು ಮಾಡಿ, ಹಳೇ ಎಳೆ ಪಕ್ಕದಲ್ಲೇ ಅದು ಹೋದ ದಾರೀಲೇ ಹೋಗಿ. ಎರಡರ ಮೇಲೆ, ಎರಡರ ಕೆಳಗೆ, ಇದೇ ಈ ಟ್ವಿಲ್ ನೇಯ್ಗೆ. ಪಕ್ಕದ ಎಳೆ ನೋಡ್ಕೊಂಡು ಹೋಗಿ, ಅದಕ್ಕಿಂತ ಒಂದು ಹೆಜ್ಜೆ ಸರಿದಿರಬೇಕು, ಹಾಗಿದ್ರೇನೇ ಓರೆ ಗೆರೆ ತುಂಡಾಗದೆ ಬರೋದು. ಆ ಕಡೆಗೂ ಒಂದಿಂಚು ಮುಂದೆ ಹೋಗಿ ಹಿಂಬದಿಗೆ ತೆಗೀರಿ. ಗಂಟು ಹಾಕಬೇಡಿ. ಎಳೆದು ಬಿಗಿ ಮಾಡಬೇಡಿ. ತುದಿ ಅರ್ಧ ಇಂಚು ಹಾಗೇ ಬಿಟ್ಟು, ಒದ್ದೆ ಕಾಟನ್ ಬಟ್ಟೆ ಹಾಸಿ ಇಸ್ತ್ರಿ ಒತ್ತಿ ಒತ್ತಿ ತೆಗೀರಿ, ಉಜ್ಜಬೇಡಿ. ಆರಿದ ಮೇಲೆ ಹಳೇ ತೇಲೋ ಎಳೆಯನ್ನೂ ಬಾಲಗಳನ್ನೂ ಹಿಂದುಗಡೆ ಕತ್ತರಿಸಿ. ಮೊದಲು ಆ ವೇಸ್ಟ್ ತುಂಡಿನ ಮೇಲೆ ಎರಡು ಸಲ ಅಭ್ಯಾಸ ಮಾಡಿ, ನನ್ನ ಮೊದಲ ಡಾರ್ನಿಂಗ್ ಸೊಳ್ಳೆ ಕಚ್ಚಿದ ಹಾಗೆ ಉಬ್ಬಿತ್ತು.

ಗಂಟುಗಳು ಬಿಡಿ, ಸೂಜಿ ಮೂತಿಯಿಂದ ಹಿಂದಕ್ಕೆ ನೂಕಿ. ಕಿತ್ರೆ ತೂತಾಗುತ್ತೆ, ಅಷ್ಟು ನೆನಪಿರಲಿ. ಈ ಟ್ವಿಲ್ಲಿಗೆ ಎರಡು ಮುಖವೂ ಒಂದೇ ಥರ, ಓರೆ ಗೆರೆಯ ದಿಕ್ಕು ಮಾತ್ರ ತಿರುಗುತ್ತೆ, ಹಾಗಾಗಿ ಗಂಟು ಕಮ್ಮಿ ಇರೋ ಮುಖ ಹೊರಗಿಟ್ಕೊಳಿ. ಆದ್ರೆ ಎರಡೂ ಭಾಗಕ್ಕೂ ಒಂದೇ ಮುಖ, ಇಲ್ಲಾಂದ್ರೆ ಜೋಡಣೆ ಹತ್ರ ಬಟ್ಟೆಯ ಹೊಳಪೇ ಬೇರೆ ಆಗುತ್ತೆ. ಮತ್ತೆ ಎರಡರಲ್ಲಿ ಹೆಚ್ಚು ಕ್ಲೀನ್ ಇರೋ ಭಾಗಕ್ಕೆ ಮೇಲಿನ ಏಪ್ರನ್ ಪಟ್ಟ. ಫೋಟೋದಲ್ಲಿ ಎಲ್ಲರ ಕಣ್ಣು ಬೀಳೋದು ಅಲ್ಲಿಗೇ.

ಪ್ರಶ್ನೆ: ಮೇಡಂ, ಮಗನ ಸ್ಕೂಲ್ ಪೈಪ್ ಬ್ಯಾಂಡಿಗೆ ಅಂತ ಬ್ಲ್ಯಾಕ್ ವಾಚ್ ಟಾರ್ಟನ್ ತಗೊಂಡೆ. ಒಂದು ನೀಲಿ ಚೌಕದಲ್ಲಿ ಕಪ್ಪು ಗೆರೆ ಎರಡು ಮಧ್ಯದಲ್ಲಿವೆ, ಪಕ್ಕದ ನೀಲಿ ಚೌಕದಲ್ಲಿ ಮಧ್ಯ ಖಾಲಿ, ಗೆರೆಗಳು ಅಂಚಿಗೆ ಹೋಗಿವೆ. ಇಡೀ ಬಟ್ಟೆ ಹೀಗೇ ಇದೆ. ಡಿಫೆಕ್ಟ್ ಪೀಸ್ ಕೊಟ್ಟು ಟೋಪಿ ಹಾಕಿದ್ರಾ? (ಅಬರ್ಡೀನ್ ಓದುಗರು)

ಉತ್ತರ: ಇಲ್ಲಪ್ಪ, ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ಬ್ಲ್ಯಾಕ್ ವಾಚ್ ಇರೋದೇ ಹಾಗೆ, ಒಂದು ಬಿಟ್ಟು ಒಂದು ನೀಲಿ ಚೌಕ ಬೇರೆ ಥರ. ದೋಷ ಅಂದ್ರೆ ಒಂದು ಕಡೆ ಬಂದು ಇನ್ನೊಂದು ಕಡೆ ಬರದೇ ಇರೋದು, ನಿಮ್ಮದು ಲೆಕ್ಕವಾಗಿ ಮರುಕಳಿಸ್ತಿದೆ ಅಂದ್ಮೇಲೆ ವಿನ್ಯಾಸವೇ. ನೆರಿಗೆ ಹಿಡಿಯುವಾಗ ಮಾತ್ರ ಎಚ್ಚರ, ಎರಡೂ ಥರದ ಚೌಕ ಸೇರಿದ್ರೇನೇ ಒಂದು ಸೆಟ್, ಅರ್ಧಕ್ಕೇ ಸೆಟ್ ಮುಗೀತು ಅಂತ ನೆರಿಗೆ ಹಿಡಿದ್ರೆ ಹಿಂದುಗಡೆ ಚಿತ್ರಾನ್ನ ಆಗುತ್ತೆ. ಅನುಮಾನ ಬಂದಾಗಲೆಲ್ಲ ಸ್ಕಾಟಿಷ್ ರಿಜಿಸ್ಟರ್ ಆಫ್ ಟಾರ್ಟನ್ಸ್ ನೋಡಿ. ಸ್ಕಾಟ್ಲೆಂಡ್ ಪಾರ್ಲಿಮೆಂಟಿನ 2008ರ ಕಾಯ್ದೆಯಿಂದ ಬಂದು 2009ರಲ್ಲಿ ಶುರುವಾದ ಸರ್ಕಾರಿ ದಾಖಲೆ ಅದು, ಟಾರ್ಟನ್ನುಗಳ ಚಿತ್ರ ಇರುತ್ತೆ, ನಿಮ್ಮ ಬಟ್ಟೆ ಪಕ್ಕ ಇಟ್ಟು ಹೋಲಿಸಿ.

ಇದೇ ಥರ ಬುಕ್ಯಾನನ್ ಟಾರ್ಟನ್ನೂ ತುಂಬಾ ಜನರನ್ನ ಗಾಬರಿ ಮಾಡುತ್ತೆ. ಹೆಚ್ಚಿನ ಟಾರ್ಟನ್ನುಗಳು ಕನ್ನಡಿ ಹಿಡಿದ ಹಾಗೆ ಎಡ ಬಲ ಒಂದೇ, ಬುಕ್ಯಾನನ್ ಹಾಗಲ್ಲ, ಒಂದೇ ದಿಕ್ಕಿಗೆ ಓಡುತ್ತೆ. ಅದನ್ನ ಡಬಲ್ ವಿಡ್ತ್ ತಗೊಂಡು ಮೇಲೆ ಎಡಿನ್‌ಬರಾ ಅಕ್ಕನಿಗೆ ಹೇಳಿದ ಹಾಗೆ ಅರ್ಧ ಸುತ್ತು ತಿರುಗಿಸಿದ್ರೆ ವಿನ್ಯಾಸ ಉಲ್ಟಾ ಆಗುತ್ತೆ, ಬಟ್ಟೆಯಲ್ಲಿಲ್ಲದ ದೋಷ ನಾವೇ ತಂದು ಹಾಕಿದ ಹಾಗೆ. ಅಂಥದ್ದಕ್ಕೆ ಸಿಂಗಲ್ ವಿಡ್ತ್ 8 ಗಜಾನೇ ಕೇಳಿ.

ಪ್ರಶ್ನೆ: ಚಾರಿಟಿ ಶಾಪಲ್ಲಿ ಹಳೇ ಉಣ್ಣೆ ಟಾರ್ಟನ್ ಒಂದು ದೊಡ್ಡ ತುಂಡು ಸಿಕ್ತು, ಆರು ವರ್ಷದ ಮಗನಿಗೆ ಕಿಲ್ಟ್ ಮಾಡೋಣ ಅಂತ. ಬೆಳಕಿಗೆ ಹಿಡಿದ್ರೆ ಅಲ್ಲಲ್ಲಿ ಸಾಸಿವೆ ಕಾಳಿನಷ್ಟು ತೂತು. ನುಸಿನಾ? (ಇನ್ವರ್ನೆಸ್, ನರ್ಸ್)

ಉತ್ತರ: ನುಸಿನೇ, ಅದರ ಹುಳ ಉಣ್ಣೆ ತಿಂದಿರೋದು. ಹೊಲಿಗೆ ಆಮೇಲೆ, ಮೊದಲು ಬಟ್ಟೆಯನ್ನ ಪ್ಲಾಸ್ಟಿಕ್ ಕವರಿಗೆ ಹಾಕಿ ಗಾಳಿ ತೆಗೆದು ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಲ್ಲಿ ಎರಡು ವಾರ ಇಡಿ. ಬಟಾಣಿ ಪ್ಯಾಕೆಟ್ ಪಕ್ಕದಲ್ಲಿ ಟಾರ್ಟನ್ ನೋಡಿ ಮನೆಯೋರು ನಗ್ತಾರೆ, ನಗಲಿ. ಹಾಗೆ ಮಾಡದೆ ಬೀರುವಿಗೆ ಇಟ್ರೆ ನಿಮ್ಮ ಸ್ವೆಟರ್, ಊರಿಂದ ತಂದ ರೇಷ್ಮೆ ಸೀರೆ ಎಲ್ಲದಕ್ಕೂ ಹಬ್ಬುತ್ತೆ. ಹೊರಗೆ ತೆಗೆದ ಮೇಲೆ ಕವರ್ ಬಿಚ್ಚದೇ ರೂಮಿನ ಬಿಸಿಗೆ ಬರೋವರೆಗೂ ಬಿಡಿ, ಇಲ್ಲಾಂದ್ರೆ ಬಟ್ಟೆ ಮೇಲೆ ನೀರು ಕೂರುತ್ತೆ.

ಆಮೇಲೆ ಕಿಟಕಿಗೆ ಹಿಡಿದು ಪ್ರತಿ ತೂತಿಗೂ ಬಿಳೀ ದಾರದ ಗುರುತು ಹಾಕಿ. ಒಂದೆರಡು ಎಳೆ ಮಾತ್ರ ಹೋಗಿದ್ರೆ ಮೇಲೆ ಹೇಳಿದ ಡಾರ್ನಿಂಗ್ ಸಾಕು. ಹಾಸು ಹೊಕ್ಕು ಎರಡೂ ಹೋಗಿ ಕಣ್ಣಿಗೆ ಕಾಣೋ ತೂತಾಗಿದ್ರೆ ಅಲ್ಲಿ ಮೆನಕೆಡಬೇಡಿ, ನೆರಿಗೆ ಒಳಗೋ ಸೊಂಟದ ಮೇಲ್ಭಾಗದಲ್ಲಿ ಕತ್ತರಿಸಿ ಹೋಗೋ ಕಡೆಗೋ ಬರೋ ಹಾಗೆ ಇಡಿ. ಮಗುವಿನ ಕಿಲ್ಟ್ ಗಿಡ್ಡ ಅಲ್ವಾ, ಕೆಳಗಿನ ಅಂಚು ಚೆನ್ನಾಗಿದ್ರೆ ಮೇಲಿಂದ ಎಷ್ಟು ಬೇಕಾದ್ರೂ ತೆಗೀಬಹುದು. ಒಂದು ಕೊನೇ ಪರೀಕ್ಷೆ, ಮೂಲೆಯಿಂದ ಒಂದೆಳೆ ಬಿಡಿಸಿ ಎರಡೂ ಕೈಯಲ್ಲಿ ಹಿಡಿದು ಜಗ್ಗಿ. ಪಟ್ ಅಂತ ಬೆಳ್ಳುಳ್ಳಿ ಸಿಪ್ಪೆ ಥರ ಹೋಯ್ತು ಅಂದ್ರೆ ಬಟ್ಟೆಗೆ ವಯಸ್ಸಾಗಿದೆ, ಕುಶನ್ ಕವರ್ ಮಾಡ್ಕೊಳಿ. ಆರು ವರ್ಷದ ಹುಡುಗ ಒಂದೇ ದಿನಕ್ಕೆ ಹರಿದು ಕೈಗೆ ಕೊಡ್ತಾನೆ.

ಪ್ರಶ್ನೆ: ಬಟ್ಟೆಯಲ್ಲಿ ಗೆರೆಗಳು ಸ್ವಲ್ಪ ವಾಲಿದ ಹಾಗಿವೆ, ಅಂಚಿಗೆ ನೇರ ಇಲ್ಲ. ಇಸ್ತ್ರಿ ಮಾಡಿದ್ರೆ ಹೋಗುತ್ತಾ? (ಡಂಡೀ)

ಉತ್ತರ: ಎಷ್ಟು ವಾಲಿದೆ ಅಂತ ಬರೀಲೇ ಇಲ್ವಲ್ಲ ನೀವು. ಮೇಜಿನ ಅಂಚಿಗೆ ಬಟ್ಟೆಯ ಅಂಚು ಸೇರಿಸಿ, ಒಂದು ಮೂಲೆಮಟ್ಟ ಇಟ್ಟು, ಅಡ್ಡ ಓಡೋ ಒಂದೇ ಬಣ್ಣದ ಗೆರೆಯನ್ನ ಈ ಅಂಚಿಂದ ಆ ಅಂಚಿಗೆ ಬೆರಳಲ್ಲಿ ಹಿಂಬಾಲಿಸಿ. ಕಾಲಿಂಚು ಅರ್ಧ ಇಂಚು ಆದ್ರೆ ಇಬ್ಬರು ಸೇರಿ ಎದುರು ಮೂಲೆಗಳನ್ನ ಹಿಡಿದು ಓರೆಗೆ ಜಗ್ಗಿ, ಪಿನ್ ಹಾಕಿ ಕೂರಿಸಿ, ಒದ್ದೆ ಬಟ್ಟೆ ಮೇಲೆ ಹಬೆ ಕೊಟ್ಟು, ಪೂರ್ತಿ ಆರೋವರೆಗೂ ಮುಟ್ಟಬೇಡಿ. ಉಣ್ಣೆ ಮಾತು ಕೇಳುತ್ತೆ. ಎರಡು ಮೂರಿಂಚು ಅಂದ್ರೆ ಜಗ್ಗೋದೂ ವ್ಯರ್ಥ, ಇವತ್ತು ನೇರ ಆದ್ರೂ ಮೊದಲ ಮಳೆಗೆ ತಿರುಗಿ ವಾಲುತ್ತೆ, ಡಂಡೀಯಲ್ಲಿ ಮಳೆಗೆ ಕಾಯೋದೂ ಬೇಡ. ವಾಪಸ್ ಕಳಿಸಿ. ಮಧ್ಯದಲ್ಲಿ ಬಿಲ್ಲಿನ ಥರ ಬಾಗಿದ್ರೆ ಕೂಡ ನನ್ನ ಉತ್ತರ ಅದೇ, ಯಾಕಂದ್ರೆ ಕಿಲ್ಟಲ್ಲಿ ಆ ಗೆರೆ ನೆಟ್ಟಗೆ ನಿಲ್ಲಬೇಕಾದ್ದು, ಏಪ್ರನ್ ಮೇಲೆ ಸೊಟ್ಟಗೆ ಕಂಡ್ರೆ ಹಾಕ್ಕೊಂಡೋರೇ ಒಂದು ಕಡೆ ವಾಲಿ ನಿಂತಿದಾರೇನೋ ಅನ್ಸುತ್ತೆ.